ಮಾವಳ್ಳಿಯ ಫ್ರಿಜ್ಜಿನಲ್ಲಿ ನಮ್ಮ ಅಳಿವೆ

...ಅಥವಾ ಡಬ್ಬಿಯ ಮುಚ್ಚಳ ನೀಲಿ ಇರಲಿಲ್ಲವೇನೋ. ಇದನ್ನು ಹೇಳಿದಾಗಲೆಲ್ಲ ನೀಲಿ ಮುಚ್ಚಳ ಎಂದೇ ಹೇಳಿದ್ದೇನೆ. ಹಾಗಾಗಿ ಈಗ ಕಣ್ಣು ಮುಚ್ಚಿದರೂ ನೀಲಿಯೇ ಕಾಣುತ್ತದೆ. ಅದು ನೆನಪೋ, ಹೇಳಿ ಹೇಳಿ ಅಂಟಿಕೊಂಡ ಬಣ್ಣವೋ ತಿಳಿಯದು. ದರ್ಭೆ ಮಾತ್ರ ಇತ್ತು, ಅದರಲ್ಲಿ ಅನುಮಾನವಿಲ್ಲ. ಬೆಂಗಳೂರಿನ ಮಾವಳ್ಳಿಯಲ್ಲಿ, ಕಡಲಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ, ಮೆಟ್ಟಿಲ ಕೆಳಗಿನ ಒಂದು ಹಳೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಹೊಳೆ ಕಡಲು ಸೇರುವ ನಮ್ಮ ಅಳಿವೆಯ ಕೆಸರು ತುಂಬಿದ ಡಬ್ಬಿಗಳ ಮೇಲೆ ಯಾರೋ ಒಂದೊಂದು ದರ್ಭೆಯ ಎಸಳನ್ನು ಅಡ್ಡಕ್ಕೆ ಇಟ್ಟಿದ್ದರು. ಗ್ರಹಣದ ದಿನ ಉಪ್ಪಿನಕಾಯಿ ಜಾಡಿಯ ಮೇಲೆ, ಹಾಲಿನ ಪಾತ್ರೆಯ ಮೇಲೆ ಇಡುತ್ತಾರಲ್ಲ, ಹಾಗೆ. ಡಬ್ಬಿ ಮುಟ್ಟಿ ನೋಡಿದೆ. ತಣ್ಣಗಿರಲಿಲ್ಲ.

ಊರಿನವರಾದ ನಿಮಗೆ ಇದನ್ನು ಬರೆಯುವುದಕ್ಕೆ ಕಾರಣವಿದೆ. ಇದೇ ಸಂಗತಿಯ ಒಂದು ಚೊಕ್ಕ ಕಥೆ ಬೆಂಗಳೂರಿನಲ್ಲಿ ಆಗಲೇ ಓಡಾಡುತ್ತಿದೆ. ಅದು ನಗು ತರಿಸುತ್ತದೆ, ಬೇಗ ಮುಗಿಯುತ್ತದೆ, ತಪ್ಪು ಯಾರದು ಎಂದು ಕೂಡಲೇ ಬೆರಳು ತೋರಿಸುತ್ತದೆ. ನನಗೆ ಅದರ ಮೇಲೆ ಸಿಟ್ಟಿರುವುದು ಇದೇ ಕಾರಣಕ್ಕೆ. ನನ್ನದು ಅಷ್ಟು ಚೊಕ್ಕವಾಗಿಲ್ಲ. ಕೆಲವು ಕಡೆ ನಾನೇ ನನ್ನನ್ನು ನಂಬುವುದಿಲ್ಲ. ಆದರೂ ಓದಿ.

ನೀವು ಊರಿನಲ್ಲಿ ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ಕಡಲ ಬಗ್ಗೆ ಕೆಲಸ ಮಾಡಲಿಕ್ಕೆ ಬೆಂಗಳೂರಿಗೆ ಯಾಕೆ ಹೋದೆ? ಉತ್ತರ ಸರಳ. ಕಡಲು ಅಲ್ಲಿದೆ, ಕಡಲಿನ ಬಗ್ಗೆ ತೀರ್ಮಾನ ಮಾಡುವ ಕಚೇರಿಗಳು ಇಲ್ಲಿವೆ. ಕರಾವಳಿ ಪರಿಸರದ ಮೇಲೆ ಸಂಶೋಧನೆ ಮಾಡಲು ನನಗೆ ಸಿಕ್ಕ ಫೆಲೋಶಿಪ್ಪಿನ ಸಂಸ್ಥೆ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಒಂದು ಅಡ್ಡರಸ್ತೆಯ ಹಳೆಯ ಬಂಗಲೆಯಲ್ಲಿದೆ. ಕೆಳಗೆ ಕಚೇರಿ, ಮೇಲೆ ಪ್ರಯೋಗಾಲಯ. ಗೋಡೆಯ ಮೇಲೆ ಇಡೀ ಪಶ್ಚಿಮ ಕರಾವಳಿಯ ನಕ್ಷೆ. ಅದರಲ್ಲಿ ನಮ್ಮ ಅಳಿವೆ ಇರುವ ಜಾಗಕ್ಕೆ ಸರಿಯಾಗಿ ಒಂದು ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದರು. ಮೊದಲ ದಿನ ಅದನ್ನು ನೋಡಿ ನಕ್ಕೆ. ಈಗ ನಗುವುದಿಲ್ಲ.

ಈ ಫೆಲೋಶಿಪ್ಪಿಗೆ ಇಲ್ಲಿ ಪೋಸ್ಟ್‌ಡಾಕ್ ಎನ್ನುತ್ತಾರೆ. ಪಿಎಚ್‌ಡಿ ಮುಗಿದ ಮೇಲೆ, ನಿಜವಾದ ಕೆಲಸ ಸಿಗುವ ಮೊದಲು ಬರುವ ಒಂದು ಸ್ಥಿತಿ ಅದು. ವಿದ್ಯಾರ್ಥಿಯಲ್ಲ, ನೌಕರರೂ ಅಲ್ಲ. ಇದು ಮನೆ ಹುಡುಕುವಾಗ ಚೆನ್ನಾಗಿ ಅರ್ಥವಾಗುತ್ತದೆ. ಚಾಮರಾಜಪೇಟೆಯಲ್ಲಿ ಒಬ್ಬ ಮಾಲೀಕರು ಗೇಟಿನ ಒಳಗೆ ನಿಂತು, ನನ್ನನ್ನು ಹೊರಗೆ ನಿಲ್ಲಿಸಿ ಮಾತಾಡಿಸಿದರು.

"ಕೆಲಸ ಏನು?"

"ಪೋಸ್ಟ್‌ಡಾಕ್, ಸರ್."

"ಡಾಕ್ಟ್ರಾ?"

"ಆ ಡಾಕ್ಟ್ರಲ್ಲ. ಪಿಎಚ್‌ಡಿ ಆಗಿದೆ."

"ಮತ್ತೆ ಇನ್ನೂ ಏನ್ ಓದ್ತಿದೀರಾ?"

"ಓದ್ತಾ ಇಲ್ಲ. ಸಂಶೋಧನೆ."

"ಅಂದ್ರೆ ಪರ್ಮನೆಂಟ್ ಅಲ್ಲ," ಎಂದು ಅವರು ಗೇಟಿನ ಚಿಲಕ ಹಾಕಿದರು. ನನ್ನ ಬದುಕನ್ನು ಅಷ್ಟು ಚಿಕ್ಕದಾಗಿ, ಅಷ್ಟು ಸರಿಯಾಗಿ ಇದುವರೆಗೆ ಯಾರೂ ಹೇಳಿಲ್ಲ.

ಬಸವನಗುಡಿಯಲ್ಲಿ ಪ್ರಶ್ನೆ ಬೇರೆ. ಅಲ್ಲಿ ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು, ಎರಡರಲ್ಲೂ ಬೇಕಾದ್ದು ಸಿಗದೆ ನೇರವಾಗಿ ಕೇಳಿದರು. "ಮೀನು ತಿಂತೀರಾ?"

"ಮನೇಲಿ ಮಾಡೋದಿಲ್ಲ," ಎಂದೆ. ಆ ಉತ್ತರ ಕೊಟ್ಟಿದ್ದಕ್ಕೆ ಈಗಲೂ ನನ್ನ ಮೇಲೆ ನನಗೆ ಕೋಪವಿದೆ.

"ಹೊರಗೆ ತಿಂದ್ಬಿಟ್ಟು ಒಳಗೇ ತಾನೆ ಬರೋದು," ಎಂದರು ಆ ಮನೆಯಾಕೆ. ಕೊಂಕಿನಿಂದಲ್ಲ, ಲೆಕ್ಕ ಬಿಡಿಸಿ ತೋರಿಸುವವರ ಹಾಗೆ. ಅವರ ಮನೆಯ ಎದುರು ಹೂವಿನ ಗಾಡಿ ನಿಂತಿತ್ತು. ಸೇವಂತಿಗೆಯ ವಾಸನೆಯೂ ಒಳಗೆ ಹೋಗುತ್ತಿತ್ತು. ಅದಕ್ಕೆ ಯಾರೂ ಬಾಗಿಲು ಹಾಕಲಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ಲಾಲ್‌ಬಾಗಿನ ಪಕ್ಕದ ಮಾವಳ್ಳಿಯಲ್ಲಿ. ಮಾಲೀಕರು ಜಯಮ್ಮ. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಊರಿಗೆ ಬಂದವರು. ಮಗ ಸೈಟು ಮಾರುವ ವ್ಯವಹಾರ ನೋಡಿಕೊಳ್ಳುತ್ತಾನೆ, ಇವರು ಮನೆ ನೋಡಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ನಾನು ದಣಿದಿದ್ದೆ. ಕುರ್ಚಿಯಲ್ಲಿ ಕೂರುವ ಮೊದಲೇ "ಮೀನು ತಿಂತೇನೆ ಅಮ್ಮ," ಎಂದುಬಿಟ್ಟೆ.

"ತಿನ್ನಮ್ಮ, ಬೇಡ ಅಂದೋರ್ಯಾರು," ಎಂದರು ಜಯಮ್ಮ. "ಸೋಮವಾರ ಶನಿವಾರ ಒಲೆ ಮೇಲೆ ಇಡ್ಬೇಡ. ಶ್ರಾವಣದಲ್ಲಿ ಪೂರ್ತಿ ಬೇಡ. ವಾಸನೆ ಬಂದ್ರೆ ಕಿಟಕಿ ತೆಗಿ. ಈ ಕಡೆ ಕಿಟಕಿ ಅಲ್ಲ, ಲಾಲ್‌ಬಾಗ್ ಕಡೇದು. ನನ್ ಮಗ ಕುರಿ ಮೇಕೆ ಎಲ್ಲ ತಿಂತಾನೆ, ಮೀನು ಅಂದ್ರೆ ಮೂಗು ಮುಚ್ಕೋತಾನೆ. ದೊಡ್ಡ ಜಮೀನ್ದಾರ ಅವ್ನು."

ಒಳನಾಡಿನವರಿಗೆ ಕಡಲೆಂದರೆ ಏನು ಎಂಬುದು ನನಗೆ ತಿಳಿದಿದ್ದು ಆಮೇಲೆ. ಜಯಮ್ಮನಿಗೆ ಅದು ಸಂತೆಯಲ್ಲಿ ಸಿಗುತ್ತಿದ್ದ ಒಣಮೀನು. ಅವರು ಕರಿಮೀನು ಎನ್ನುತ್ತಾರೆ. ಮಳೆಗಾಲದಲ್ಲಿ ಮುದ್ದೆಯ ಜೊತೆ ಅದರ ಸಾರು. ನಾನು ಊರಿನಿಂದ ಒಣ ಸಿಗಡಿ ತಂದು ಚಟ್ನಿ ಮಾಡಿದ ದಿನ ಅವರು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, ಅಂಗೈ ಮೇಲೆ ಹಾಕಿಸಿಕೊಂಡು ತಿಂದರು. "ಕೆಳಗೆ ಹೇಳ್ಬೇಡ," ಎಂದರು. ಇದು ಈ ಊರಿನಲ್ಲಿ ನನ್ನ ಮೊದಲ ಗೆಲುವು. ಎರಡನೆಯದು ಸಂಪು. ಸಂಪು ಎಂದರೆ ಅಂಗಳದ ನೆಲದೊಳಗಿನ ನೀರಿನ ತೊಟ್ಟಿ. ನಳದ ನೀರು ದಿನ ಬಿಟ್ಟು ದಿನ ಬಂದು ಅದರಲ್ಲಿ ತುಂಬುತ್ತದೆ, ಮೋಟಾರು ಹಾಕಿ ಮೇಲಕ್ಕೆ ಏರಿಸಬೇಕು. ಊರಿನಲ್ಲಿ ನಾವು ಕಡಲಿನ ಭರತ-ಇಳಿತ ನೋಡಿ ದಿನ ಕಳೆಯುವ ಹಾಗೆ ಇಲ್ಲಿ ಎಲ್ಲರೂ ಸಂಪಿನ ಮುಚ್ಚಳ ಎತ್ತಿ ನೋಡುತ್ತಾರೆ. ಯಾವ ದಿನ ಎಷ್ಟು ಬರುತ್ತದೆ ಎಂದು ಜಯಮ್ಮನಿಗಿಂತ ಮೊದಲು ಹೇಳಲು ನಾನು ಕಲಿತೆ.

ಒಂಟಿತನದ ಬಗ್ಗೆ ಬರೆಯಲೇಬೇಕೆಂದಿಲ್ಲ, ಆದರೂ ಒಂದು ಮಾತು. ನಾನು "ಎಂತದು" ಎಂದು ಬಾಯಿ ಬಿಟ್ಟರೆ ಆಟೋದವರು ಕನ್ನಡಿಯಲ್ಲಿ ನೋಡಿ "ಮಂಗಳೂರಾ ಮೇಡಂ?" ಎನ್ನುತ್ತಾರೆ. ಅಲ್ಲ, ಉತ್ತರ ಕನ್ನಡ ಎಂದರೆ "ಅದೇ ಮಂಗಳೂರ್ ಕಡೆ," ಎನ್ನುತ್ತಾರೆ. ಇಡೀ ಕಡಲತೀರಕ್ಕೆ ಇವರಲ್ಲಿ ಇರುವುದು ಒಂದೇ ಹೆಸರು. ಮೊದಮೊದಲು ತಿದ್ದುತ್ತಿದ್ದೆ. ಈಗ ಹೂಂ ಎನ್ನುತ್ತೇನೆ. ಹೂಂ ಎಂದ ದಿನ ಬೇಜಾರು ಜಾಸ್ತಿ.

ಈಗ ಕೆಸರಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅಳಿವೆಯ ಬಾಯಿಯನ್ನು ದೊಡ್ಡ ದೋಣಿಗಳಿಗಾಗಿ ಆಳ ಮಾಡುವ ಯೋಜನೆ ನಿಮಗೆ ಗೊತ್ತೇ ಇದೆ. ಕೆಸರು ತೆಗೆಯುವ ಯಂತ್ರ ಎಲ್ಲಿ ಓಡಬೇಕು ಎಂಬ ಗೆರೆ, ನಮ್ಮ ಹೆಂಗಸರು ಬಳಚು ಹೆಕ್ಕುವ ದಿಬ್ಬದ ಮೇಲೇ ಹಾದು ಹೋಗುತ್ತದೆ. ನನ್ನ ಚಿಕ್ಕಮ್ಮ ನಾಗಿ ಅಲ್ಲೇ ಹೆಕ್ಕುವುದು. ಇಳಿತದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಕಾಲ ಬೆರಳಿನಿಂದ ಬಳಚಿನ ಚಿಪ್ಪು ತಡಕಿ ತೆಗೆಯುತ್ತಾಳೆ. ಯೋಜನೆಯವರು ಒಂದು ಪ್ರಶ್ನೆ ಕೇಳಿದ್ದರು, ಅದಕ್ಕೆ ಉತ್ತರ ಹೇಳಬೇಕಾದವಳು ನಾನು. ಆ ದಿಬ್ಬ ಬಳಚು ಹುಟ್ಟುವ ಜಾಗವೋ, ಅಥವಾ ಬೇರೆಲ್ಲೋ ಹುಟ್ಟಿ ಬಂದು ಬೆಳೆಯುವ ಜಾಗವೋ? ಹುಟ್ಟುವ ಜಾಗವಾದರೆ ಗೆರೆಯನ್ನು ಸರಿಸಲೇಬೇಕು. ಬರೀ ಬೆಳೆಯುವ ಜಾಗವಾದರೆ ಬೇಡ.

ದೊಡ್ಡ ಬಳಚು ಇರುವುದನ್ನು ಯಾರು ಬೇಕಾದರೂ ತೋರಿಸಬಹುದು. ಮರಿ ಬಳಚು ಸಾಸಿವೆಗಿಂತ ಸಣ್ಣದು. ಕೆಸರಿನೊಳಗೆ ಕೊಳವೆ ಚುಚ್ಚಿ, ತೆಗೆದ ಕೆಸರನ್ನು ಹೆಪ್ಪುಗಟ್ಟಿಸಿಟ್ಟು, ಆಮೇಲೆ ಪ್ರಯೋಗಾಲಯದಲ್ಲಿ ನೋಡಬೇಕು. ತೆಗೆದ ದಿನ ಆ ಮರಿ ಬದುಕಿತ್ತು ಎಂಬುದರ ಕುರುಹು ಕೆಸರು ಗಡ್ಡೆಯಾಗಿ ಇರುವ ತನಕ ಮಾತ್ರ ಉಳಿಯುತ್ತದೆ. ಕರಗಿದರೆ ಕೊಳೆಯುತ್ತದೆ. ಯಂತ್ರ ಬರುವ ಮೊದಲಿನ ಋತುವಿನಲ್ಲಿ ನಾನು ಆ ಕೆಸರನ್ನು ತಂದು ಮಲ್ಲೇಶ್ವರದ ದೊಡ್ಡ ಫ್ರೀಜರಿನಲ್ಲಿಟ್ಟೆ. ಮರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಬೇರೆಯದು, ಅಲ್ಲಿ ನಮ್ಮ ಸರದಿ ಬರಲು ಇನ್ನೂ ಕೆಲವು ವಾರ ಇತ್ತು.

ಫ್ರೀಜರ್ ಕೆಟ್ಟಿತು. ಅಥವಾ ಅದು ಮೊದಲೇ ಕೆಟ್ಟಿತ್ತು, ನಾವು ಅದರ ಗುರುಗುಟ್ಟುವಿಕೆಯನ್ನೇ ಆರೋಗ್ಯ ಎಂದುಕೊಂಡಿದ್ದೆವು. ಕಚೇರಿಯ ಮ್ಯಾನೇಜರರ ಬಳಿ ಓಡಿದೆ.

"ರಿಪೇರಿಗೆ ಮೂರು ಕೊಟೇಶನ್ ಬೇಕು ಮೇಡಂ," ಎಂದರು ಅವರು.

"ಮೂರು ಕಡೆಯಿಂದ ಬೆಲೆ ತರಿಸುವಷ್ಟರಲ್ಲಿ ಕೆಸರು ಕರಗ್ತದೆ ಸರ್."

"ರೂಲ್ಸ್ ನಾನ್ ಮಾಡಿದ್ದಾ? ಒಂದ್ ಕೆಲ್ಸ ಮಾಡಿ, ನಿಮ್ ಮನೇಲಿ ಫ್ರಿಜ್ ಇದ್ಯಲ್ಲ?"

ಇದನ್ನು ಅವರು ಹೇಳಿದ್ದೋ, ನಾನೇ ಹೇಳಿ ಅವರು ತಲೆಯಾಡಿಸಿದ್ದೋ ಎಂದು ನನಗೆ ಈಗ ಖಚಿತವಿಲ್ಲ. ಖಚಿತವಿರುವುದು ಇಷ್ಟು: ನನ್ನ ಕಷ್ಟವನ್ನು ನನ್ನ ಕೈಗೆ ವಾಪಸು ಕೊಟ್ಟು ಅವರು ಊಟಕ್ಕೆ ಹೋದರು. ನಾನು ಮಂಜುಗಡ್ಡೆಗೆ ಉಪ್ಪು ಹಾಕಿ, ನಮ್ಮಲ್ಲಿ ಮೀನು ತುಂಬುವ ಹಾಗೆ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಡಬ್ಬಿಗಳನ್ನು ತುಂಬಿ, ಸಂಪಿಗೆ ರಸ್ತೆಯ ಮೆಟ್ರೋ ಸ್ಟೇಷನ್ನಿಗೆ ಹೊತ್ತುಕೊಂಡು ಹೋದೆ.

ತಪಾಸಣೆಯ ಹುಡುಗಿ ಪೆಟ್ಟಿಗೆ ತಡೆದಳು. "ಏನ್ ಮೇಡಂ ಇದು?"

"ಮಣ್ಣು."

"ಮಣ್ಣಾ? ಐಸಲ್ಲಿ ಇಟ್ಕೊಂಡು ಹೋಗೋ ಅಂಥ ಮಣ್ಣಾ?"

"ಹೊಳೆ ಮಣ್ಣು. ಸಂಶೋಧನೆಗೆ."

ಅವಳು ಮುಚ್ಚಳ ತೆಗೆಸಿ, ಬಗ್ಗಿ, ಮೂಗು ಹಿಂದಕ್ಕೆಳೆದಳು. ಪಕ್ಕದ ಗಾರ್ಡಿಗೆ ಹೇಳಿದಳು, "ಗುರು, ಮೀನಿಲ್ದೆ ಮೀನ್ ವಾಸ್ನೆ ಬರ್ತಿದೆ ನೋಡು." ಇಬ್ಬರೂ ನಕ್ಕರು. ನನ್ನನ್ನು ಬಿಟ್ಟರು. ಮೆಜೆಸ್ಟಿಕ್ ದಾಟುವಾಗ ರೈಲು ತುಂಬಿತು. ಯಾರದೋ ಮೊಣಕೈ ನಮ್ಮ ಅಳಿವೆಯ ಮೇಲೆ ಊರಿತ್ತು.

ಜಯಮ್ಮ ಮೆಟ್ಟಿಲ ಕೆಳಗಿನ ತಮ್ಮ ಹಳೆಯ ಫ್ರಿಜ್ಜನ್ನು ಖಾಲಿ ಮಾಡಿಕೊಟ್ಟರು. ಐಸ್ ಕಟ್ಟುವ ಮೇಲಿನ ಖಾನೆಯಲ್ಲಿ ಡಬ್ಬಿಗಳನ್ನು ಜೋಡಿಸುವಾಗ ಪಕ್ಕದಲ್ಲೇ ನಿಂತಿದ್ದರು.

"ಇದ್ರಲ್ಲಿ ಏನೈತೆ?"

"ಕೆಸರಮ್ಮ. ಒಳಗೆ ಮರಿ ಇರ್ಬಹುದು. ಬಳಚಿನ ಮರಿ. ಕಣ್ಣಿಗೆ ಕಾಣೋದಿಲ್ಲ."

"ಜೀವ ಐತಾ?"

"ತೆಗೆದಾಗ ಇತ್ತೋ ಇಲ್ವೋ ಅಂತಾನೇ ನೋಡ್ಬೇಕಾಗಿರೋದು."

"ಅದ್ಕೆ ಇಷ್ಟು ದೂರ ತಂದ್ಯಾ," ಎಂದರು. ಗದರಿದರೋ ಮರುಗಿದರೋ ಗೊತ್ತಾಗಲಿಲ್ಲ.

ಚಂದ್ರಗ್ರಹಣ ಬಂದಿದ್ದು ಆಮೇಲೆ. ಗ್ರಹಣ ಎಂದರೆ ಹುಣ್ಣಿಮೆ, ಹುಣ್ಣಿಮೆ ಎಂದರೆ ದೊಡ್ಡ ಭರತ, ದೊಡ್ಡ ಭರತದ ಬೆನ್ನಿಗೆ ದೊಡ್ಡ ಇಳಿತ. ದಿಬ್ಬ ಪೂರ್ತಿ ಬಾಯಿ ಬಿಡುವ ದಿನ. ನಿಮಗೆ ಇದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಎರಡನೇ ಸುತ್ತಿನ ಕೆಸರು ತೆಗೆಯಲು ನಾನು ಊರಿನಲ್ಲಿರಲೇಬೇಕಿತ್ತು. ಅದೇ ಗ್ರಹಣಕ್ಕೆ ಮಾವಳ್ಳಿಯ ಮನೆಯಲ್ಲಿ ಬೇರೆ ಕೆಲಸ. ಗಾಂಧಿಬಜಾರಿನಿಂದ ದರ್ಭೆ ತಂದು ತಿನ್ನುವ ಉಣ್ಣುವ ವಸ್ತುಗಳ ಮೇಲೆ ಇಡುವುದು. ಗ್ರಹಣ ಬಿಟ್ಟ ಮೇಲೆ ಇಡೀ ಮನೆ ತೊಳೆಯುವುದು. ಒಬ್ಬನೇ ಚಂದ್ರ ಒಂದು ಕಡೆ ನೀರನ್ನು ಎಳೆಯುತ್ತಾನೆ, ಇನ್ನೊಂದು ಕಡೆ ನೀರನ್ನು ಚೆಲ್ಲಿಸುತ್ತಾನೆ. ಆಗ ನನಗೆ ಇದು ಹೊಳೆಯಲಿಲ್ಲ. ಹೊಳೆದಿದ್ದರೆ ಎಂದು ಬರೆಯುವುದು ಸುಲಭ. ಬರೆಯುವುದಿಲ್ಲ.

ಊರಿನಲ್ಲಿ ಯಂತ್ರ ಆಗಲೇ ಬಂದಿತ್ತು. ಹೇಳಿದ ತಿಂಗಳಿಗಿಂತ ಮೊದಲೇ ಬಂದಿತ್ತು. ದಿಬ್ಬದ ಪಡುವಣ ತುದಿಯಿಂದ ಕೊರೆಯುತ್ತಿದ್ದರು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಇನ್ನು ಇಲ್ಲಿ ಎಷ್ಟು ಕೆಸರು ತೆಗೆದರೂ ಅದು ಯಂತ್ರ ಬಂದ ಮೇಲಿನದು, ಮೊದಲಿನದರ ಜಾಗ ತುಂಬದು. ದಡದಲ್ಲಿ ಹೆಲ್ಮೆಟ್ ಹಾಕಿದ ಎಂಜಿನಿಯರ್ ನನ್ನನ್ನು ನೋಡಿ ಜೊತೆಗಾರನಿಗೆ "ಬೆಂಗಳೂರಿನ ಮೇಡಂ ಬಂದ್ರು, ಜಾಗ ಬಿಡಿ," ಎಂದ. ನಾನು ಹುಟ್ಟಿದ ಮನೆ ಅಲ್ಲಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ.

ನಾಗಿ ಚಿಕ್ಕಮ್ಮ ಕೆಸರಿನಲ್ಲಿ ನನ್ನ ಪಕ್ಕ ನಿಂತು ಕೊಳವೆ ಹಿಡಿದುಕೊಂಡಳು. "ಮೊದ್ಲಿಂದು ತಕಂಡು ಹೋದ್ಯಲೆ, ಅದು ಚಲೋ ಇದ್ಯೆ?"

"ಇದೆ. ಭದ್ರವಾಗಿದೆ."

"ಅದೇ ಈಗ ನಮ್ದು," ಎಂದಳು. "ಇಲ್ಲಿ ಉಳಿಯೂದು ಗ್ಯಾರಂಟಿ ಇಲ್ಲ."

ಬೆಂಗಳೂರಿಗೆ ಮರಳಿದ್ದು ಗ್ರಹಣದ ಮಾರನೆಯ ದಿನವೋ, ಅದರ ಮಾರನೆಯ ದಿನವೋ. ಬಸ್ಸಿನ ಟಿಕೆಟ್ ಹುಡುಕಿದರೆ ತಿಳಿಯಬಹುದು, ಹುಡುಕಿಲ್ಲ. ಮನೆ ತೊಳೆದ ವಾಸನೆ ಬರುತ್ತಿತ್ತು. ಮೆಟ್ಟಿಲು ಒದ್ದೆ ಇತ್ತು. ಇಲ್ಲ, ಮೆಟ್ಟಿಲು ಒದ್ದೆ ಇತ್ತು ಎಂದು ಆಮೇಲೆ ನಾನೇ ಸೇರಿಸಿರಬೇಕು, ಅಷ್ಟು ಹೊತ್ತು ಯಾವ ಮೆಟ್ಟಿಲೂ ಒದ್ದೆಯಿರುವುದಿಲ್ಲ. ಫ್ರಿಜ್ ಓಡುತ್ತಿತ್ತು, ಆಗಷ್ಟೇ ಶುರುವಾದ ಹಾಗೆ. ಬಾಗಿಲು ತೆಗೆದರೆ ದರ್ಭೆ. ದರ್ಭೆಯ ಕೆಳಗೆ ಡಬ್ಬಿ. ಡಬ್ಬಿಯ ಒಳಗೆ ಕೆಸರು ಮೆತ್ತಗಿತ್ತು. ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆಯನ್ನು ನಿಮಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಗೂಟಕ್ಕೆ ಕಟ್ಟಿಟ್ಟು ಮರೆತ ಬಲೆಯ ವಾಸನೆ ಅದು.

ನಾನು ಕೂಗಿದೆ. ಏನೆಂದು ಕೂಗಿದೆ ಎಂಬುದನ್ನು ಜಯಮ್ಮ ಇವತ್ತಿನ ತನಕ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ನಾನ್ ಮುಟ್ಟಿಲ್ಲ ಕಣಮ್ಮ. ದರ್ಭೆ ಒಂದ್ ಇಟ್ಟೆ ಅಷ್ಟೇ."

"ಸ್ವಿಚ್ ಆಫ್ ಮಾಡಿದ್ರಾ? ತೊಳೆಯುವಾಗ?"

"ಇದನ್ ತೊಳೀಲಿಲ್ಲ. ನಿಂದು ಒಳ್ಗೈತಲ್ಲ ಅಂತ ಬಿಟ್ಟೆ." ಸ್ವಲ್ಪ ಯೋಚಿಸಿದರು. "ಮೋಟ್ರು ಬಾಳ ಹೊತ್ತು ಓಡ್ತು. ಮಧ್ಯ ಕರೆಂಟೂ ಹೋಗಿ ಬಂತು. ಯಾವಾಗ್ ಹೋಯ್ತು, ಯಾವಾಗ್ ಬಂತು, ನಾನ್ ನೋಡ್ಲಿಲ್ಲ."

"ದರ್ಭೆ ಯಾಕೆ ಇಟ್ರಿ?"

ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಮರಿ ಐತೆ ಅಂದ್ಯಲ್ಲ."

ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಫ್ರಿಜ್ಜಿನ ಮುಂದೆ ನಿಂತಿತ್ತು. ಅವರು ತೊಳೆಯಲು ಪ್ಲಗ್ ತೆಗೆದು ಮರೆತು, ಆಮೇಲೆ ಹಾಕಿರಬಹುದು. ಕರೆಂಟು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು ಹೋಗಿರಬಹುದು. ಸಂಪಿನ ಮೋಟಾರು ಓಡಿ ಓಡಿ ಆ ಸಾಲಿನ ಸ್ವಿಚ್ಚು ಬಿದ್ದಿರಬಹುದು. ಊರಿಗೆ ಹೊರಡುವ ಗಡಿಬಿಡಿಯಲ್ಲಿ ನನ್ನ ಚೀಲವೇ ಪ್ಲಗ್ಗಿಗೆ ತಗುಲಿರಬಹುದು. ಒಂದೊಂದು ಹೊತ್ತಿನಲ್ಲಿ ಒಂದೊಂದನ್ನು ನಂಬಿದ್ದೇನೆ.

ಸಂಸ್ಥೆಯವರಿಗೆ ಈ ಅನುಮಾನಗಳು ಬೇಕಾಗಲಿಲ್ಲ. ದರ್ಭೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎಲ್ಲರ ಮುಖವೂ ಅರಳಿತು. ಕಾಫಿ ಕುಡಿಯುವಲ್ಲಿ, ಮೆಟ್ಟಿಲಲ್ಲಿ, ಎಲ್ಲೆಡೆ ಅದೇ. "ಅಯ್ಯೋ ನಿಮ್ ಡೇಟಾಗೆ ಗ್ರಹಣ ಹಿಡೀತಂತೆ." ನಮ್ಮ ನಿರ್ದೇಶಕರು ಕೆಟ್ಟವರಲ್ಲ, ಮಾತುಗಾರರು. ವಾರ್ಷಿಕ ಸಭೆಯಲ್ಲಿ, ಬೇರೆ ಸಂಸ್ಥೆಗಳವರು, ಯೋಜನೆಯ ಕಡೆಯವರು ಎಲ್ಲ ಕೂತಿದ್ದಾಗ, ಮೂಢನಂಬಿಕೆ ವಿಜ್ಞಾನಕ್ಕೆ ಹೇಗೆ ಅಡ್ಡ ಬರುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಇದನ್ನು ಹೇಳಿದರು. ಮನೆ ಒಡತಿ ಗ್ರಹಣಕ್ಕೆ ಹೆದರಿ ಫ್ರಿಜ್ ಆರಿಸಿ, ಒಂದು ಋತುವಿನ ಕೆಲಸವನ್ನು ಹುಲ್ಲಿನ ಎಸಳಿನ ಕೆಳಗೆ ಹೂತುಹಾಕಿದಳು ಎಂದರು. ಸಭೆ ನಕ್ಕಿತು. ಕಥೆಗೆ ಬೇಕಾದ್ದೆಲ್ಲ ಇತ್ತು. ಫ್ರೀಜರ್ ಒಂದು ಇರಲಿಲ್ಲ.

ನಾನು ಎದ್ದು ನಿಂತೆ, ಇದು ಖಂಡಿತ ನೆನಪಿದೆ.

"ಸರ್, ಅವರು ಆರಿಸಿದ್ರು ಅಂತ ನಾನು ಯಾರಿಗೂ ಹೇಳಿಲ್ಲ. ನನಗೇ ಗೊತ್ತಿಲ್ಲ."

"ಪರ್ವಾಗಿಲ್ಲ, ಕೂತ್ಕೊಳ್ಳಿ, ನಿಮ್ ತಪ್ಪಲ್ಲ ಅಂತಾನೇ ಹೇಳ್ತಿರೋದು."

"ಗೊತ್ತಾಗಿರೋದು ಒಂದೇ ಸರ್. ಇಲ್ಲಿನ ಫ್ರೀಜರ್ ಕೆಟ್ಟಿತ್ತು, ಮೂರು ಕೊಟೇಶನ್ ಬರೋ ತನಕ ರಿಪೇರಿ ಇಲ್ಲ ಅಂದ್ರು. ನಮ್ಮ ಓನರ್ ಅವರ ಫ್ರಿಜ್ ಕೊಟ್ರು, ಸಂಸ್ಥೆ ಕೊಡಲಿಲ್ಲ. ಅದನ್ನೂ ಸೇರಿಸಿ ಹೇಳಿ."

ಯಾರೂ ನಗಲಿಲ್ಲ. ಮುಂದಿನವರ ಸ್ಲೈಡು ಬಂತು. ಸಭೆ ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಹತ್ತಿರ ಬಂದು, "ಸರಿಯಾಗೇ ಹೇಳಿದ್ರಿ, ಆದ್ರೆ ಪೋಸ್ಟ್‌ಡಾಕ್‌ನಲ್ಲಿ ಹೀಗೆಲ್ಲ ಮಾತಾಡ್ಬಾರ್ದು," ಎಂದು ಭುಜ ತಟ್ಟಿದರು. ಗೇಟಿನ ಒಳಗಿನಿಂದ ಪರ್ಮನೆಂಟ್ ಅಲ್ಲ ಎಂದ ಮಾಲೀಕರ ನೆನಪಾಯಿತು.

ಒಂದೆರಡು ದಿನ ಬಿಟ್ಟು ನಿರ್ದೇಶಕರು ಕರೆಸಿದರು. ಸಿಟ್ಟಿನಲ್ಲಿರಲಿಲ್ಲ. ಉಪಾಯ ಹೇಳಿದರು. ಬೇರೆ ಅಳಿವೆಗಳಲ್ಲಿ ಇಂಥ ದಿಬ್ಬಗಳಲ್ಲಿ ಎಷ್ಟು ಮರಿ ಸಿಗುತ್ತವೆ ಎಂಬ ಮಾಹಿತಿ ಇದೆ, ಅದರಿಂದ ನಮ್ಮದನ್ನು ಅಂದಾಜು ಮಾಡಿ "ಮೊದಲಿನ" ಖಾಲಿ ಜಾಗ ತುಂಬಿಸಬಹುದು. "ಎಲ್ರೂ ಮಾಡ್ತಾರೆ. ಗ್ಯಾಪ್ ಫಿಲ್ ಅಂತಾನೇ ಹೆಸರಿದೆ ಅದಕ್ಕೆ."

ನಾನು ಹೂಂ ಎನ್ನಬಹುದಿತ್ತು. ಅಂದಾಜು ಬಹುಶಃ ನಮ್ಮ ಪರವಾಗಿಯೇ ಬರುತ್ತಿತ್ತು. ನಾಗಿ ಚಿಕ್ಕಮ್ಮನ ದಿಬ್ಬ ಉಳಿಯುತ್ತಿತ್ತೇನೋ. ಎರಡು ದಿನ ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಯೋಚಿಸಿದೆ. ನನ್ನ ಸಿಟ್ಟೆಲ್ಲ ಇದ್ದದ್ದು ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವವರ ಮೇಲೆ. ಜಯಮ್ಮನ ಕೈಯನ್ನು ಸ್ವಿಚ್ಚಿನ ಮೇಲೆ ಇಟ್ಟವರ ಮೇಲೆ. ಈಗ ನಾನೇ ಬೇರೆ ಹೊಳೆಯ ಮರಿಗಳನ್ನು ನಮ್ಮ ಕೆಸರಿನಲ್ಲಿ ಇಡಬೇಕಿತ್ತು. ಆಗಲಿಲ್ಲ. ಇದನ್ನು ಧೈರ್ಯ ಎನ್ನಬೇಡಿ. ಈ ಆಗಲಿಲ್ಲಕ್ಕೆ ಬೆಲೆ ತೆರುವವಳು ನಾನಲ್ಲ, ಚಿಕ್ಕಮ್ಮ.

ಕರಗಿದ ಕೆಸರನ್ನೇ ತೊಳೆದು ಸೋಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚಿಪ್ಪುಗಳು ಇದ್ದವು. ಬಹಳ ಸಣ್ಣವು, ಉಗುರಿನ ಮೇಲೆ ಇಟ್ಟರೆ ಕಾಣದಷ್ಟು, ಗಾಜಿನ ಹಾಗೆ ತೆಳ್ಳಗೆ. ಅವು ಆ ದಿನ ಬದುಕಿದ್ದ ಮರಿಗಳ ಚಿಪ್ಪುಗಳೋ, ಎಂದೋ ಸತ್ತು ನೀರಿನಲ್ಲಿ ತೇಲಿ ಬಂದು ಕೂತ ಖಾಲಿ ಚಿಪ್ಪುಗಳೋ ಹೇಳುವ ಕುರುಹು ಕೊಳೆತು ಹೋಗಿತ್ತು. ವರದಿಯಲ್ಲಿ ಹಾಗೆಯೇ ಬರೆದೆ: ಮರಿ ಬಳಚಿನ ಚಿಪ್ಪುಗಳು ಸಿಕ್ಕಿವೆ, ಅವು ಜೀವಂತವಾಗಿದ್ದವೇ ಎಂದು ಹೇಳಲು ಆಗದು, ಏಕೆಂದರೆ ಸಂಸ್ಥೆಯಲ್ಲಿ ಅವನ್ನು ಕಾಪಾಡುವ ವ್ಯವಸ್ಥೆ ಇರಲಿಲ್ಲ. ಸಂಸ್ಥೆಯ ಮಾತಿರುವ ಕೊನೆಯ ತುಂಡನ್ನು ಮೇಲಿನವರು ಹೊಡೆದುಹಾಕಿದರು ಎಂದು ಕೇಳಿದ್ದೇನೆ. ಉಳಿದದ್ದು ಯೋಜನೆಯವರ ಕೈಗೆ ಹೋಗಿದೆ.

ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳ ಹಿಂದೆ ಯಂತ್ರದ ಸದ್ದು ಕೇಳಿಸುತ್ತಿತ್ತು.

"ಗೊತ್ತಿಲ್ಲ ಅಂತ ಬರದ್ಯೆ?"

"ಹೂಂ."

"ಅವ್ಕೆ ಗೊತ್ತಿಲ್ಲ ಅಂದ್ರೆ ಇಲ್ಲ ಅಂತಲೇ ಕಾಣ್ತದೆ ತಂಗಿ." ಆಮೇಲೆ, "ನಾವು ಇಷ್ಟ್ ವರ್ಷ ಹೆಕ್ಕಿದ್ದು ಎಂತದು ಹಂಗಾರೆ?"

ನೆನಪು ಸಾಕ್ಷಿಯಲ್ಲ ಎಂದು ಯೋಜನೆಯವರು ಹೇಳುತ್ತಾರೆ. ನೆನಪನ್ನು ನಾನೂ ನಂಬುವುದಿಲ್ಲ, ಈ ಬರಹದ ಮೊದಲ ಸಾಲಿನಿಂದ ನೋಡುತ್ತಿದ್ದೀರಿ. ಆದರೆ ಒಂದು ವ್ಯತ್ಯಾಸವಿದೆ. ನನ್ನ ಮುಚ್ಚಳ ನೀಲಿಯೋ ಅಲ್ಲವೋ ಎಂಬುದರಿಂದ ಯಾರ ಒಲೆಯೂ ಆರುವುದಿಲ್ಲ. ಚಿಕ್ಕಮ್ಮನ ನೆನಪನ್ನು ಅಳಿಸಿದವರು ಅದರ ಜಾಗದಲ್ಲಿ ಇನ್ನೇನನ್ನಾದರೂ ಇಡಬೇಕಿತ್ತು. ಇಡಲು ಅವರ ಹತ್ತಿರ ಇದ್ದದ್ದು ಕೆಟ್ಟ ಫ್ರೀಜರ್. ಅದು ಈಗ ರಿಪೇರಿಯಾಗಿದೆ, ಹೇಳಬೇಕು. ಮೊನ್ನೆ ಯಾರದೋ ಹುಟ್ಟುಹಬ್ಬದ ಐಸ್‌ಕ್ರೀಮು ಅದರಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು.

ಫೆಲೋಶಿಪ್ ಮುಗಿಯುತ್ತಾ ಬಂದಿದೆ. ಆಮೇಲೆ ಊರಿಗೆ ಬರುತ್ತೀಯಾ ಎಂದು ನೀವು ಕೇಳುತ್ತೀರಿ. ಅಲ್ಲಿ ನಾನು ಬೆಂಗಳೂರಿನ ಮೇಡಂ, ಇಲ್ಲಿ ಮಂಗಳೂರಿನವಳು. ನಡುವೆ ನನ್ನದು ಎನ್ನುವ ಜಾಗ ಮೆಟ್ಟಿಲ ಕೆಳಗಿನ ಆ ಫ್ರಿಜ್ಜಿನ ಮೇಲಿನ ಖಾನೆ. ಸೋಸಿ ಉಳಿದ ಕೆಸರು ಇನ್ನೂ ಅಲ್ಲೇ ಇದೆ, ಮತ್ತೆ ಗಡ್ಡೆ ಕಟ್ಟಿದೆ, ಯಾವ ಉಪಯೋಗಕ್ಕೂ ಬಾರದು. "ಬಿಸಾಕ್ಲಾ?" ಎಂದು ಜಯಮ್ಮ ಆಗಾಗ ಕೇಳುತ್ತಾರೆ. ಬೇಡ ಎನ್ನುತ್ತೇನೆ. ಅವರು ಯಾಕೆಂದು ಕೇಳುವುದಿಲ್ಲ. ಒಣಗಿದ ದರ್ಭೆಯನ್ನೂ ತೆಗೆದಿಲ್ಲ.

ಯಂತ್ರ ಈಗ ದಿಬ್ಬದ ಎಷ್ಟು ಒಳಗೆ ಬಂದಿದೆ ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಫ್ರಿಜ್ ಯಾವಾಗ ನಿಂತಿತು, ಯಾರಿಂದ ನಿಂತಿತು ಎಂದು ನನಗೆ ಗೊತ್ತಿಲ್ಲ. ನಾನು ಕೊಳವೆಯಲ್ಲಿ ಎತ್ತಿ ತಂದ ದಿನ ಆ ಗಾಜಿನಂಥ ಚಿಪ್ಪುಗಳ ಒಳಗೆ ಜೀವ ಇತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.